ಶುಗರ್ ಇರುವ ಅಪ್ಪನ ಅಂಗಾಲಿನ ಆಣಿಗೆ ಕಾರ್ನ್ ಕ್ಯಾಪ್ ಹಾಕಬಹುದಾ?

ನೀವು ಬರೆದಿರುವುದು ಇಷ್ಟು. ಮಂಡ್ಯದ ಹತ್ತಿರ ಊರು. ತಂದೆಗೆ ಶುಗರ್ ಬಂದು ಬಹಳ ವರ್ಷ ಆಗಿದೆ, ಈಗಲೂ ಗದ್ದೆಗೆ ಹೋಗುತ್ತಾರೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ ಗಟ್ಟಿ ಆಣಿ ಆಗಿದೆ. ಹಿಮ್ಮಡಿ ಒಡೆದಿದೆ. ನೋವೇನೂ ಇಲ್ಲ ಅನ್ನುತ್ತಾರೆ. ಮೆಡಿಕಲ್ ಸ್ಟೋರಿನವರು ಕೊಟ್ಟ ಕಾರ್ನ್ ಕ್ಯಾಪ್ ಅಂಟಿಸೋದಾ, ಪಾರ್ಲರಿನಲ್ಲಿ ಪೆಡಿಕ್ಯೂರ್ ಮಾಡಿಸೋದಾ ಅಂತ ಕೇಳಿದ್ದೀರಿ. ಜೊತೆಗೆ ಅಮ್ಮನ ಹಿಮ್ಮಡಿ ನೋವಿನ ಬಗ್ಗೆಯೂ ಕೇಳಿದ್ದೀರಿ.

ಅಪ್ಪನಿಗೆ ಎರಡೂ ಬೇಡ. ಕ್ಯಾಪ್ ಈಗಾಗಲೇ ಅಂಟಿಸಿದ್ದರೆ ಇವತ್ತೇ ತೆಗೆದುಬಿಡಿ.

ನಾನು ಮೈಸೂರಿನಲ್ಲಿ ನರ್ಸ್. ಸರ್ಜರಿ ವಿಭಾಗದ ಡ್ರೆಸಿಂಗ್ ರೂಮಿನಲ್ಲಿ ಕೆಲಸ. ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆಯಿಂದ ಬರುವ ರೈತರ ಕಾಲುಗಳನ್ನು ನೋಡುತ್ತಲೇ ಇರುತ್ತೇನೆ. ಕಾರ್ನ್ ಕ್ಯಾಪಿನಲ್ಲಿ ಇರುವುದು ಸ್ಯಾಲಿಸಿಲಿಕ್ ಆಸಿಡ್, ಸಾಮಾನ್ಯವಾಗಿ 40 ಪರ್ಸೆಂಟ್. ಅದು ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ, ಪಕ್ಕದ ಒಳ್ಳೆಯ ಚರ್ಮವನ್ನೂ ಬಿಡುವುದಿಲ್ಲ. ಬೇರೆಯವರಿಗಾದರೆ ಉರಿ ಶುರುವಾಗುತ್ತದೆ, ಕಿತ್ತು ಬಿಸಾಕುತ್ತಾರೆ. ನಿಮ್ಮ ತಂದೆಗೆ ಆ ಉರಿಯೇ ಗೊತ್ತಾಗದೆ ಇರಬಹುದು. ಎಕ್ಕದ ಹಾಲು ಬಿಡುವುದು, ಮನೆಯಲ್ಲೇ ಬ್ಲೇಡಿನಿಂದ ಕೆರೆಯುವುದು ಕೂಡ ಬೇಡವೇ ಬೇಡ.

ನೀವು ಬರೆದದ್ದರಲ್ಲಿ ನನಗೆ ಆತಂಕ ಆಗಿದ್ದು ಆಣಿಗಿಂತ ಜಾಸ್ತಿ 'ನೋವಿಲ್ಲ' ಅನ್ನುವ ಮಾತಿಗೆ. ಆ ಜಾಗದ ಆಣಿ ಸಾಮಾನ್ಯವಾಗಿ ಹೆಜ್ಜೆ ಇಟ್ಟಾಗೆಲ್ಲ ಕಲ್ಲು ಒತ್ತಿದ ಹಾಗೆ ನೋಯುತ್ತದೆ. ನೋಯುತ್ತಿಲ್ಲ ಅಂದರೆ ನರ ಮಂದ ಆಗಿರಬಹುದು. ಶುಗರ್ ಬಹಳ ಕಾಲ ಜಾಸ್ತಿ ಇದ್ದರೆ ಸ್ಪರ್ಶ ಕಡಿಮೆಯಾಗುವುದು ಸಾಮಾನ್ಯವಾಗಿ ಕಾಲ್ಬೆರಳಿನಿಂದಲೇ ಶುರು. ಆಗ ಗಟ್ಟಿ ಚರ್ಮದ ಅಡಿಯಲ್ಲೇ ಒತ್ತಡಕ್ಕೆ ಹುಣ್ಣಾಗಬಹುದು. ಮೇಲಿನಿಂದ ಏನೂ ಕಾಣುವುದಿಲ್ಲ. ಆಣಿಯೊಳಗೆ ಕಪ್ಪಗೋ ಕಡುಗೆಂಪಗೋ ಕಲೆ ಕಂಡರೆ ಒಳಗೆ ರಕ್ತ ಇಳಿದಿರಬಹುದು, ತಡಮಾಡಬೇಡಿ.

ಸ್ಪರ್ಶ ಇದೆಯಾ ಅಂತ ನೋಡುವುದು ಬಹಳ ಸುಲಭ. ಮೊನೊಫಿಲಮೆಂಟ್ ಅನ್ನುವ ನೈಲಾನ್ ಎಳೆ ಇದೆ. ಅದನ್ನು ಬಾಗುವವರೆಗೆ ಪಾದಕ್ಕೆ ಒತ್ತುತ್ತಾರೆ, ಬೀಳುವ ಭಾರ 10 ಗ್ರಾಂ ಅಷ್ಟೇ. ತಂದೆ ಕಣ್ಣು ಮುಚ್ಚಿಕೊಂಡು ಎಲ್ಲಿ ಮುಟ್ಟಿದರು ಅಂತ ಹೇಳಬೇಕು. 128 ಹರ್ಟ್ಸಿನ ಟ್ಯೂನಿಂಗ್ ಫೋರ್ಕ್ ಇಟ್ಟು ಅದುರುವುದು ಗೊತ್ತಾಗುತ್ತಾ ಅಂತಲೂ ನೋಡುತ್ತಾರೆ. ರಕ್ತ ಓಡಾಟ ಸರಿಯಿದೆಯಾ ಅಂತ ಪಾದದ ನಾಡಿ ಹಿಡಿದು ನೋಡುತ್ತಾರೆ. ಶುಗರ್ ಇರುವವರಿಗೆ ವರ್ಷಕ್ಕೆ ಒಮ್ಮೆಯಾದರೂ ಇದು ಆಗಬೇಕು. ಎಷ್ಟೋ ಜನಕ್ಕೆ ಶುಗರ್ ಬಂದಾಗಿನಿಂದ ಯಾರೂ ಸಾಕ್ಸ್ ಬಿಚ್ಚಿಸಿ ನೋಡಿರುವುದೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಆಮೇಲೆ ಆಣಿಯನ್ನು ಸರ್ಜಿಕಲ್ ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಾರೆ. ಅದು ಸತ್ತ ಚರ್ಮ, ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಆಣಿ ಬಂದದ್ದು ಒತ್ತಡದಿಂದ. ಚಪ್ಪಲಿ ಬದಲಾಗದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಎಂಸಿಆರ್ ಚಪ್ಪಲಿ ಕೇಳಿ, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರಿನದು. ಹಿಂದೆ ಪಟ್ಟಿ ಇರಲಿ. ಬೆರಳ ಸಂದಿಗೆ ಗುಂಡಿ ಇರುವ ಹವಾಯಿ ಬೇಡ. ಅದು ಸಂದಿಯಲ್ಲಿ ಉಜ್ಜುತ್ತದೆ, ಕಾಲಿನಿಂದ ಜಾರಿ ಹೋದರೂ ಇಂಥವರಿಗೆ ಗೊತ್ತಾಗುವುದಿಲ್ಲ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತು ಅಳತೆ ನೋಡಿ ತಗೊಳ್ಳಿ. ಮನೆಯೊಳಗೂ ಹಾಕಿಕೊಳ್ಳಲಿ.

ಗದ್ದೆಯದೇ ಕಷ್ಟ. ಬದುವಿನಲ್ಲೇ ಚಪ್ಪಲಿ ಬಿಟ್ಟು ಭೂಮಿತಾಯಿಗೆ ಕೈಮುಗಿದು ಇಳಿಯುವವರಿಗೆ 'ಚಪ್ಪಲಿ ಹಾಕ್ಕೊಂಡೇ ಇಳೀರಿ' ಅನ್ನೋಕೆ ಬಾಯಿ ಬರುವುದಿಲ್ಲ. ನಾಟಿ ಗದ್ದೆಯ ಕೆಸರಿನಲ್ಲಿ ಗಮ್‌ಬೂಟು ಹೂತುಹೋಗುತ್ತದೆ ಅನ್ನುವುದೂ ನಿಜ. ಅದಕ್ಕೇ ಆಣಿ ತೆಗೆಸಿ ಚರ್ಮ ಸರಿಹೋಗುವ ತನಕ ಕೆಸರಿಗೆ ಇಳಿಯುವ ಕೆಲಸ ಬೇರೆಯವರಿಗೆ ಕೊಡಿ. ತಂದೆ ಶೂ ಹಾಕಿಕೊಂಡು ಬದುವಿನ ಮೇಲೆ ನಿಂತು ನೋಡಿಕೊಳ್ಳಲಿ. ಕಬ್ಬು ಕಡಿದ ಗದ್ದೆಗೆ ಮಾತ್ರ ಬರಿಗಾಲಲ್ಲಿ ಕಳಿಸಲೇಬೇಡಿ. ಕೂಳೆ ಚುಚ್ಚಿದ್ದು ಗೊತ್ತಾಗದೆ, ಕೀವು ತುಂಬಿದ ಮೇಲೆ ಬಂದವರನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಮೇಲುಕೋಟೆಗೋ ಶ್ರೀರಂಗಪಟ್ಟಣಕ್ಕೋ ಹೋದರೆ ಬೆಳಿಗ್ಗೆ ಬೇಗ ದರ್ಶನ ಮುಗಿಸಿ. ಕಾದ ಕಲ್ಲುಹಾಸಿಗೆ ಬೊಬ್ಬೆ ಬಂದರೂ ಅವರಿಗೆ ತಿಳಿಯುವುದಿಲ್ಲ.

ಸಂಜೆ ಕಾಲು ತೊಳೆದ ಮೇಲೆ ಬೆರಳ ಸಂದಿಯನ್ನು ಚೆನ್ನಾಗಿ ಒರೆಸಬೇಕು. ಆಮೇಲೆ ಮನೆಯವರೇ ಯಾರಾದರೂ ಮೊಬೈಲ್ ಟಾರ್ಚ್ ಹಾಕಿ ಅಂಗಾಲು ನೋಡಿ, ದಿನಾ. ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಕೆರೆತ ಇದ್ದರೆ ಅದು ಫಂಗಸ್ ಇರಬಹುದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಬೇಡಿ. ಅದರಿಂದ ಕೆರೆತ ನಿಂತ ಹಾಗೆ ಅನ್ನಿಸಿದರೂ ಫಂಗಸ್ ಹರಡುತ್ತದೆ.

ಹಿಮ್ಮಡಿ ಬಿರುಕಿಗೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು, ಇಲ್ಲವೇ ಕೊಬ್ಬರಿ ಎಣ್ಣೆ. ಬೆರಳ ಸಂದಿಗೆ ಬೇಡ. ಬಿಸಿನೀರಿನಲ್ಲಿ ಕಾಲು ನೆನೆಸಬೇಡಿ. ಪಾರ್ಲರ್ ಬೇಡ ಅಂದದ್ದೂ ಇದಕ್ಕೇ. ಅಲ್ಲಿ ಮೊದಲು ಬಿಸಿನೀರು, ಆಮೇಲೆ ಹತ್ತಾರು ಜನಕ್ಕೆ ಬಳಸಿದ ಉಜ್ಜುವ ಸಾಮಾನು.

ತೋರಿಸಲು ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಸರ್ಜರಿ ಓಪಿಡಿಗೆ ಹೋಗಿ, ಶುಗರ್ ಇದೆ, ಕಾಲಿಗೆ ಆಣಿ ಇದೆ ಅಂತ ಮೊದಲೇ ಹೇಳಿ. ಪಾದಕ್ಕೇ ಅಂತ ಓದಿದ ಪೊಡಿಯಾಟ್ರಿಸ್ಟ್‌ಗಳು ನಮ್ಮ ದೇಶದಲ್ಲಿ ಬಹಳ ಕಡಿಮೆ. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ಸರ್ಜನ್ನರದೇ. ಕೆಂಪಾಗಿ ಊದಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಓಪಿಡಿಗೆ ಕಾಯದೆ ಅವತ್ತೇ ಎಮರ್ಜೆನ್ಸಿಗೆ ಹೋಗಿ. ಗಾಯವೇ ಇಲ್ಲದೆ ಒಂದು ಕಾಲು ಮಾತ್ರ ಊದಿ ಬಿಸಿಯಾದರೂ ಅವತ್ತೇ ತೋರಿಸಿ. ಒಳಗೆ ಮೂಳೆ ಕುಸಿಯುತ್ತಿರಬಹುದು.

ಅಮ್ಮನದು ಬೇರೆ ತೊಂದರೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ ಆಗುತ್ತೆ ಅಂದಿದ್ದೀರಿ. ಅದು ಹೆಚ್ಚಾಗಿ ಅಂಗಾಲಿನ ಚರ್ಮದ ಒಳಗಿರುವ ಪಟ್ಟಿಯಂಥ ಅಂಗಾಂಶ ಬಿಗಿಯಾಗಿ ಬರುವ ನೋವು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ತಮ್ಮ ಕಡೆಗೆ ಎಳೆದು ಸ್ವಲ್ಪ ಹೊತ್ತು ಹಿಡಿಯಲಿ, ಕೆಲವು ಸಲ ಹಾಗೆ ಮಾಡಲಿ. ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವುದು ಬೇಡ, ಮೆತ್ತನೆ ಚಪ್ಪಲಿ ಹಾಕಲಿ. ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು, ಆದರೆ ಹೆಚ್ಚಿನವರಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ.