ಜನವರಿಯ ಓದು ಯಾಜಕಕಾಂಡದಲ್ಲಿ ನಿಲ್ಲುವುದೇಕೆ?

ಪ್ರತಿ ಹೊಸ ವರ್ಷ ಸತ್ಯವೇದವನ್ನು (ಬೈಬಲ್) ಪೂರ್ತಿ ಓದಬೇಕೆಂದು ಶುರು ಮಾಡುತ್ತೇನೆ, ಫೆಬ್ರವರಿಯಲ್ಲಿ ನಿಂತುಹೋಗುತ್ತದೆ. ನನ್ನ ನಂಬಿಕೆ ಅಷ್ಟು ದುರ್ಬಲವೇ?
ಓದುಗಿ, ಡೊಂಬಿವಲಿ

ನಂಬಿಕೆಯನ್ನು ದೂರುವ ಮೊದಲು ಲೆಕ್ಕ ನೋಡಿ. ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರರಂತೆ, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಾಗ ಜನವರಿಯ ಕೊನೆಯ ವಾರ. ಅಲ್ಲಿಂದ ಯಾಜಕಕಾಂಡ: ಬಲಿಗಳ ವಿಧಿ, ಶುದ್ಧ ಅಶುದ್ಧಗಳ ನಿಯಮ. ಕಥೆಯ ಓಟ ನಿಂತಿರುತ್ತದೆ, ಹೊಸ ವರ್ಷದ ಹುರುಪೂ ಇಳಿದಿರುತ್ತದೆ. ಆಗಲೇ ನಾಲ್ಕು ದಿನ ತಪ್ಪಿದರೆ ಐದನೆಯ ದಿನಕ್ಕೆ 15 ಅಧ್ಯಾಯ ಬಾಕಿ. ಬಹುಪಾಲು ಜನ ಕೈಬಿಡುವುದು ಈ ಬಾಕಿಯ ಭಾರಕ್ಕೇ.

ಈ ವರ್ಷ ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಮಾತ್ರ ಹಿಡಿಯಿರಿ. ಅದರಲ್ಲಿ 260 ಅಧ್ಯಾಯಗಳು. ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಶನಿವಾರ ತಪ್ಪಿದ್ದನ್ನು ಓದಲು, ಭಾನುವಾರ ಆರಾಧನೆಗೆ. ಮತ್ತಾಯನ ವಂಶಾವಳಿಯಿಂದ ಬೇಡ, 16 ಅಧ್ಯಾಯಗಳ ಮಾರ್ಕನಿಂದ ಆರಂಭಿಸಿ. ಪಟ್ಟಿಯಲ್ಲಿ ತಾರೀಖು ಬರೆಯಬೇಡಿ, 1ರಿಂದ 260ರವರೆಗೆ ಅಂಕಿ ಬರೆದು ಓದಿದ್ದನ್ನು ಹೊಡೆದುಹಾಕಿ. ತಾರೀಖಿದ್ದರೆ ತಪ್ಪಿದ ದಿನ ಎದ್ದು ಕಾಣುತ್ತದೆ. ಅಂಕಿಯಿದ್ದರೆ ಮುಂದಿನ ಅಧ್ಯಾಯ ಕಾಣುತ್ತದೆ.

ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಓದುತ್ತೇನೆಂದು ನಂಬಬೇಡಿ, ಅಲ್ಲಿ ಪುಸ್ತಕ ಬಿಡಿಸಲು ಕೈಯೆತ್ತುವಷ್ಟೂ ಜಾಗವಿರುವುದಿಲ್ಲ. ಕುಕ್ಕರ್ ಇಟ್ಟ ಮೇಲೆ ಅಡುಗೆಮನೆಯಲ್ಲೇ ಗಟ್ಟಿಯಾಗಿ ಓದಿ. ಮಾಮೂಲಿ ಅಧ್ಯಾಯಕ್ಕೆ ಐದಾರು ನಿಮಿಷ ಸಾಕು. ಲೂಕನ ಮೊದಲ ಅಧ್ಯಾಯದಂಥದ್ದು, 80 ವಚನಗಳಿರುವುದು, ಎರಡು ದಿನಕ್ಕೆ ಹಂಚಿಕೊಳ್ಳಿ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಅದೇ ಅಧ್ಯಾಯವನ್ನು ಅವರು ಮರಾಠಿಯಲ್ಲಿ ಓದಲಿ. ಮುಂಬೈ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ನಿಂತುಹೋಗಿರುವುದಕ್ಕೆ ಎಷ್ಟೋ ಸಲ ಭಕ್ತಿಯ ಕೊರತೆಗಿಂತ ಲಿಪಿಯೇ ಕಾರಣ.

ಜನವರಿಯ ಮೊದಲ ಭಾನುವಾರ ನಮ್ಮ ಮೆಥಡಿಸ್ಟ್ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ, ದೇವರಿಗೆ ಕೊಟ್ಟ ಮಾತನ್ನು ಎಲ್ಲರೂ ಒಟ್ಟಾಗಿ ಪ್ರಾರ್ಥನೆಯಲ್ಲಿ ಮತ್ತೆ ಹೇಳುವುದು. ಕಳೆದ ವರ್ಷ ಹೇಳಿದ್ದನ್ನು ಪಾಲಿಸಲಿಲ್ಲ. ಆಸ್ತಿಯ ವಿಷಯಕ್ಕೆ ಬೀದರಿನಲ್ಲಿರುವ ಅಣ್ಣನೊಂದಿಗೆ ಮಾತೂ ಬಿಟ್ಟಿದೆ. ಮತ್ತೆ ಅದೇ ಪ್ರಾರ್ಥನೆ ಹೇಳಬಹುದೇ?
ಓದುಗ, ಪಿಂಪ್ರಿ, ಪುಣೆ

ಹೇಳಬಹುದು. ತಪ್ಪುವವರಿದ್ದಾರೆಂದೇ ಇದನ್ನು ವರ್ಷವರ್ಷವೂ ಹೇಳುವುದು. ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇದನ್ನು ನಡೆಸಿದಾಗ ಸುಮಾರು 1,800 ಜನ ಎದ್ದು ನಿಂತು ಒಪ್ಪಿಕೊಂಡರು. ಹೊಸ ವರ್ಷಕ್ಕೆ ಅಂಟಿಕೊಂಡದ್ದು ಆಮೇಲೆ. ಇದು ಸಂಕಲ್ಪಗಳ ಪಟ್ಟಿಯಲ್ಲ. ದೇವರೇ, ನೀನು ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ, ನಾನು ನಿನ್ನವನು ಎಂಬುದೇ ಅದರ ತಿರುಳು.

ತೊಂದರೆಯಾಗುವುದು ತಯಾರಿಯಿಲ್ಲದೆ ಹೋದಾಗ. ಆ ಮಾತುಗಳನ್ನು ಚರ್ಚಿನಲ್ಲೇ ಮೊದಲ ಸಲ ನೋಡಿದರೆ ತುಟಿ ಓಡುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ಸಭಾಪಾಲಕರಿಂದ ಪ್ರಾರ್ಥನೆಯ ಪ್ರತಿಯನ್ನು ಒಂದು ವಾರ ಮುಂಚೆ ಕೇಳಿ ಪಡೆಯಿರಿ. ಎರಡು ದಿನ, ಅರ್ಧರ್ಧ ಗಂಟೆ ಒಬ್ಬರೇ ಕುಳಿತುಕೊಳ್ಳಿ. ಮೊದಲ ದಿನ ತಪ್ಪುಗಳನ್ನು ಬರೆಯಿರಿ. "ಕೋಪ ಮಾಡಿಕೊಂಡೆ" ಎಂದಲ್ಲ, ಯಾರ ಮೇಲೆ, ಏನೆಂದಿರಿ ಎಂದು. ಎರಡನೆಯ ದಿನ ಪ್ರಾರ್ಥನೆಯನ್ನು ನಿಧಾನವಾಗಿ ಓದಿ, ನಾಲಿಗೆ ತಡವರಿಸುವ ವಾಕ್ಯಕ್ಕೆ ಗೆರೆ ಎಳೆಯಿರಿ. ಆ ಗೆರೆಯ ಹತ್ತಿರವೇ ಮೊಣಕಾಲೂರಿ.

ಅಣ್ಣನಿಗೆ ಮಾತ್ರ ಭಾನುವಾರಕ್ಕೆ ಮುಂಚೆಯೇ ಫೋನ್ ಮಾಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 5:23–24). ಆ ಕರೆಯಲ್ಲಿ ಹೊಲದ ಮಾತು ಎತ್ತಬೇಡಿ. ನೀವು ಆಡಿದ ಮಾತಿಗೆ ಕ್ಷಮೆ ಕೇಳಿ, ಅಷ್ಟೇ. ಪಾಲಿನ ತಕರಾರು ಅದರ ಪಾಡಿಗೆ ನಡೆಯಲಿ. ಅಣ್ಣ ಫೋನ್ ಎತ್ತದಿದ್ದರೂ ನಿಮ್ಮಿಂದಾದದ್ದನ್ನು ನೀವು ಮಾಡಿದ್ದೀರಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 12:18 ಕೇಳುವುದೂ ಅಷ್ಟನ್ನೇ.

ಕಳೆದ ವರ್ಷ ವಾಗ್ದಾನದ ಕಾರ್ಡಿನಲ್ಲಿ (ಹೊಸ ವರ್ಷಕ್ಕೆ ಒಬ್ಬೊಬ್ಬರಿಗೆ ಒಂದು ವಚನ ಬರೆದು ಹಂಚುವ ಕಾರ್ಡು) ಯೆರೆಮೀಯ 29:11 ಬಂತು: ದೇವರ ಆಲೋಚನೆಗಳು ಹಿತದವು, ನಿರೀಕ್ಷೆ ಕೊಡುವಂಥವು ಎಂದು. ಮಾರ್ಚ್‌ನಲ್ಲಿ ಯಜಮಾನರ ಕೆಲಸ ಹೋಯಿತು. ಕಾರ್ಡು ಸುಳ್ಳಾಯಿತೇ?
ಓದುಗಿ, ವಾಸ್ಕೊ, ಗೋವಾ

ನಿಮ್ಮ ನೋವು ದೊಡ್ಡದು ತಾಯಿ. ಆದರೆ ಕಾರ್ಡಿನಲ್ಲಿ ಒಂದೇ ವಚನ ಹಿಡಿಸುತ್ತದೆ, ಆ ಅಧ್ಯಾಯವೋ ಇಡೀ ಒಂದು ಕಾಗದ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಕಳಿಸಿದ್ದು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷದ ಮಾತಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದವನು ಹನನ್ಯ (28ನೇ ಅಧ್ಯಾಯ). ಅವನದು ಸುಳ್ಳು ಪ್ರವಾದನೆ. ಹನ್ನೆರಡು ತಿಂಗಳಲ್ಲಿ ಕಷ್ಟ ತೀರುತ್ತದೆ ಎಂಬ ಗಡುವನ್ನು ಆ ವಚನ ಕೊಟ್ಟಿಲ್ಲ. ಜನವರಿಯಲ್ಲಿ ಹಂಚುವ ಕ್ರಮದಿಂದ ಹಾಗೆ ತೋರುತ್ತದೆ.

ಈ ಸಲ ಯಾವ ಕಾರ್ಡು ಬಂದರೂ ಅಂದೇ ಆ ಅಧ್ಯಾಯವನ್ನು ಪೂರ್ತಿ ಓದಿ, ಯಾರು ಯಾರಿಗೆ ಹೇಳಿದ್ದೆಂದು ಹಿಂಬದಿಯಲ್ಲಿ ಬರೆಯಿರಿ. ಹಳೆಯ ಕಾರ್ಡನ್ನು ಎಸೆಯಬೇಡಿ, ಅದೇ ಕಾಗದದ 7ನೇ ವಚನದ ಹತ್ತಿರ ಇಡಿ. ಪರಊರಿಗೆ ಬಂದವರು ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕು, ಅದರ ಕ್ಷೇಮದಲ್ಲೇ ಅವರ ಕ್ಷೇಮವಿದೆ ಎನ್ನುತ್ತದೆ ಅದು. ಯಜಮಾನರೂ ನೀವೂ ದಿನಕ್ಕೊಂದು ಮನೆಯಂತೆ ನಿಮ್ಮ ಚಾಳಿನ ನೆರೆಹೊರೆಯವರ ಹೆಸರು ಹಿಡಿದು ಪ್ರಾರ್ಥಿಸಿ. ಕೆಲಸದ ವಿಚಾರವನ್ನು ಸಭೆಯ ಹಿರಿಯರಿಗೂ ತಿಳಿಸಿ, ಮುಚ್ಚಿಡಬೇಡಿ.