ಕೆಂಡದ ಬಾಣಲೆ ಜಗಲಿಗೆ ಹೋಗಲಿ, ಟೀಚರ್

2021ರ ಜನವರಿ, ಕೊರೊನಾ ಕಾಲ. ಕೊಡಗಿನ ಮಾದಾಪುರದ ಕಡೆಯಿಂದ ನಿವೃತ್ತ ಟೀಚರ್ ಒಬ್ಬರು ಬರೆದಿದ್ದಾರೆ: "ಮಳೆಗಾಲ ಹೇಗೋ ಕಳೆಯಿತು, ಈ ಚಳಿ ಕಳೆಯುತ್ತಿಲ್ಲ. ಮಗ ಬೆಂಗಳೂರಿನಲ್ಲಿ. ನನಗೆ ಕೊರೊನಾ ತಂದುಬಿಟ್ಟೇನು ಅಂತ ಹೆದರಿ ಹುತ್ತರಿ ಸುಗ್ಗಿ ಹಬ್ಬಕ್ಕೂ ಬರಲಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿದೆ, ಹೋಗಿ ನೋಡುವ ಮನಸ್ಸಿಲ್ಲ. ಕತ್ತಲಾಗುತ್ತಲೇ ಕಿಟಕಿ ಬಾಗಿಲು ಎಲ್ಲ ಹಾಕಿ, ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುತ್ತೇನೆ. ಬೆಳಿಗ್ಗೆ ಏಳುವಾಗ ತಲೆ ಭಾರ. ಒಬ್ಬಳೇ ಇದ್ದು ಇದ್ದು ಹೀಗಾಯಿತಾ?"

ಟೀಚರ್, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಂಟಿತನದ ಮಾತು ಆಮೇಲೆ ಆಡೋಣ. ಮೊದಲು ಆ ಕೆಂಡ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣಲಿಲ್ಲ ಅಂತ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ತಲೆ ಭಾರ, ತಲೆಸುತ್ತು, ವಾಕರಿಕೆ ಅದರ ಗುರುತು. ಜಾಸ್ತಿಯಾದರೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನಿಮ್ಮ ತಲೆಭಾರಕ್ಕೆ ಇದೇ ಕಾರಣ ಇರಬಹುದು ಅಂತ ನನಗೆ ಭಯ. ಕೆಂಡ ನಿಲ್ಲಿಸಿ, ಡಾಕ್ಟರಿಗೂ ಒಮ್ಮೆ ತೋರಿಸಿ. ಕೆಂಡದ ವಿಷಯವನ್ನು ಅವರಿಗೆ ಮರೆಯದೆ ಹೇಳಿ.

ನಮ್ಮಜ್ಜಿ ಸಂಜೆಯೆಲ್ಲ ಬಾಣಲೆಯ ಮುಂದೆ ಅಂಗೈ ಚಾಚಿ ಕೂರುತ್ತಿದ್ದರು. ಮಲಗುವ ಹೊತ್ತಿಗೆ ಮಾತ್ರ ಬಟ್ಟೆ ಸುತ್ತಿದ ಕೈಯಲ್ಲಿ ಅದನ್ನು ಎತ್ತಿ ಜಗಲಿಗೆ ಒಯ್ದು, ಮೇಲೆ ಬೂದಿ ಎಳೆಯುತ್ತಿದ್ದರು. ಆಮೇಲೆ ಒಳಗೆ ಬಂದು ಕಂಬಳಿ. ವಿಷಗಾಳಿಯ ಹೆಸರು ಅವರಿಗೆ ಗೊತ್ತಿರಲಿಲ್ಲ, ಆದರೂ ಒಂದು ದಿನ ತಪ್ಪಿಸಲಿಲ್ಲ. ನೀವು ಬಚ್ಚಲೊಲೆಯ ನೀರನ್ನು ಬಿಸಿನೀರಿನ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. ಉಣ್ಣೆ ಕಾಲುಚೀಲ, ಕಿವಿಗೆ ಮಫ್ಲರ್. ಕಿಟಕಿ ಅಂಗೈ ಅಗಲ ತೆರೆದಿರಲಿ.

ಚಳಿ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ. ಆದರೆ ಕೊರೊನಾ ಜಾಸ್ತಿ ಹರಡುವುದೂ ಹೀಗೆ ಮುಚ್ಚಿದ, ಗಾಳಿಯಾಡದ ಕೋಣೆಯಲ್ಲೇ. ಮಗ ಬಂದಾಗಲೂ ಈ ಕಿಟಕಿಯೇ ನಿಮ್ಮನ್ನು ಕಾಯಬೇಕು.

ಈಗ ನಿಮ್ಮ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಒಬ್ಬರ ಮನೆಗೆ ಒಬ್ಬರು ಓಡಿದೆವು, ಒಂದೇ ಚಾಪೆಯಲ್ಲಿ ಮಲಗಿದೆವು. ನಿಮ್ಮ ಮಾದಾಪುರದ ಕಡೆಯವರಿಗೆ ಅದನ್ನು ನಾನು ಹೇಳಬೇಕಾ? ಕಷ್ಟ ಬಂದರೆ ಹತ್ತಿರ ಸೇರುವುದು ನಮಗೆ ಗೊತ್ತು. ಈ ಸಲದ ಕಷ್ಟ ಅದನ್ನೇ ಕಿತ್ತುಕೊಂಡಿದೆ. ಅದಕ್ಕೇ ಇಷ್ಟು ಭಾರ ಅನ್ನಿಸುತ್ತಿರುವುದು. ನಿಮ್ಮ ಮನಸ್ಸು ಕೆಟ್ಟಿಲ್ಲ, ಟೀಚರ್.

ಆದರೆ ಸೇರಲು ಒಂದು ಜಾಗ ಇನ್ನೂ ಉಳಿದಿದೆ. ನಿಮ್ಮ ಕಣ. ಹತ್ತು ಗಂಟೆಗೆ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಅಲ್ಲಿಗೆ ಒಂದು ಕುರ್ಚಿ ಹಾಕಿ. ಇನ್ನೊಂದನ್ನು ದೂರಕ್ಕೆ ಹಾಕಿ, ಪಕ್ಕದ ಮನೆಯವರನ್ನು ಬೆಲ್ಲದ ಕಾಫಿಗೆ ಕರೆಯಿರಿ. ಅವರ ಲೋಟ ಅವರೇ ತರಲಿ. ಹರಡಿದ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗುವ ಕಾಫಿ ಹಣ್ಣಿನಲ್ಲಿ, ನೀವೇ ಕಾಲಾಡಿಸಿ ಸಾಲು ಎಳೆಯಿರಿ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಗಲಗಲ ಅಂದರೆ ಒಣಗಿದೆ. ಇನ್ನೂ ಮೆತ್ತಗಿದ್ದರೆ ನಾಳೆಯೂ ಹೊರಗೆ ಬರಲೇಬೇಕಲ್ವಾ?

ಒಂದರಿಂದ ಐದನೇ ಕ್ಲಾಸಿಗೆ ಶಾಲೆ ಇನ್ನೂ ತೆರೆದಿಲ್ಲ. ಅಕ್ಕಪಕ್ಕದ ಎರಡು ಮೂರು ಮಕ್ಕಳು ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು ಆ ಬಿಸಿಲಲ್ಲಿ ಮಗ್ಗಿ ಹೇಳಬಹುದು. ಕೆಮ್ಮು ನೆಗಡಿ ಇದ್ದವರು ಆ ದಿನ ಬೇಡ.

ಸಂಜೆ ಕಷ್ಟ, ಒಪ್ಪುತ್ತೇನೆ. ಮಗನಿಗೆ ದಿನಾ ಆರೂವರೆಗೆ ಫೋನ್ ಮಾಡಲು ಹೇಳಿ. ಸುಮ್ನೆ, ಏನು ಅಡುಗೆ ಅಂತ ಕೇಳಿದರೂ ಸಾಕು. ಇನ್ನೊಂದು ವಿಷಯ. ಬೆಳಿಗ್ಗೆ ಸೂರ್ಯ ಇನ್ನೂ ತಡವಾಗಿ ಏಳುತ್ತಿದ್ದರೂ ಸಂಜೆ ಆಗಲೇ ಉದ್ದವಾಗುತ್ತಿದೆ. ನವೆಂಬರ್ ಕೊನೆಗಿಂತ ಜನವರಿ ಕೊನೆಗೆ ಸೂರ್ಯ ಸುಮಾರು ಅರ್ಧ ಗಂಟೆ ತಡವಾಗಿ ಮುಳುಗುತ್ತಾನೆ. ಜನವರಿ 16ರಿಂದ ಆರೋಗ್ಯ ಕಾರ್ಯಕರ್ತರಿಗೆ ಲಸಿಕೆಯೂ ಶುರುವಾಗಿದೆ. ನಿಮ್ಮ ಸರದಿ ಬಂದ ದಿನ ಹಿಂದೆಮುಂದೆ ನೋಡದೆ ಹಾಕಿಸಿಕೊಳ್ಳಿ.

ಇವತ್ತು ರಾತ್ರಿಯೇ ಬಾಣಲೆ ಜಗಲಿಗೆ ಹೋಗಲಿ. ಹೋಯಿತು ಅಂತ ನನಗೊಂದು ಕಾರ್ಡು ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ