ಏನೂ ಬೇಡ ಅನ್ನಿಸೋದೆಲ್ಲ ವೈರಾಗ್ಯ ಅಲ್ಲ

ಪ್ರಶ್ನೆ: ಮೇಡಂ, ನಾನು ಶಹಾಪುರ ತಾಲೂಕಿನ ಒಬ್ಬ ಹೈಸ್ಕೂಲ್ ಮಾಸ್ತರ, ವಯಸ್ಸು 48. ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಕಾಲುವೆ ನೀರು ಹತ್ತುವ ಎರಡು ಎಕರೆ ತಮ್ಮ ಇಟ್ಟುಕೊಂಡ, ನನಗೆ ಮೇಲಿನ ಬರಡು ಬಂತು. ಜಗಳ ಬೇಡ ಅಂತ ಸುಮ್ಮನಾದೆ. ಆರು ತಿಂಗಳಿಂದ ಬೆಳಿಗ್ಗೆ 5ಕ್ಕೆ ಎದ್ದು ಯೂಟ್ಯೂಬ್ ನೋಡಿಕೊಂಡು ಧ್ಯಾನಕ್ಕೆ ಕೂರುತ್ತೇನೆ. ಕಣ್ಣು ಮುಚ್ಚಿದ ಕೂಡಲೇ ಆ ಹೊಲವೇ ಬರುತ್ತೆ. ‘ಯಾವುದೂ ನನ್ನದಲ್ಲ’ ಅಂತ ನೂರು ಸಲ ಹೇಳಿಕೊಳ್ಳುತ್ತೇನೆ. ಮೊನ್ನೆ ಮಗಳು ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತಂದಳು, ನನಗೆ ಖುಷಿಯೇ ಆಗಲಿಲ್ಲ. ‘ನೀವು ಕಲ್ಲಾಗೀರಿ’ ಅಂದಳು ಹೆಂಡತಿ. ಇದು ವೈರಾಗ್ಯವೇ? ಶಾಂತಿ ಕಾಯಂ ಉಳಿಯೋಕೆ ಏನು ಮಾಡಬೇಕು?

ಉತ್ತರ: ಸರ್, ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡ್ತೀನಿ. ಅವರು ಸರಿಯಾಗಿಯೇ ನೋಡಿದ್ದಾರೆ.

ನಿಜವಾಗಿ ವೈರಾಗ್ಯ ಬಂದಿದ್ದರೆ ಮಗಳ ಮಾರ್ಕ್ಸ್ ಕಂಡು ಖುಷಿ ಆಗುತ್ತಿತ್ತು. ಜಾಸ್ತಿನೇ ಆಗುತ್ತಿತ್ತು, ಯಾಕಂದ್ರೆ ಆ ಖುಷಿಯ ಬೆನ್ನಿಗೆ ‘ನಾಳೆ ಇದು ಕೈ ತಪ್ಪಿದರೆ?’ ಅನ್ನೋ ಭಯ ಇರುತ್ತಿರಲಿಲ್ಲ. ನಿಮಗೆ ಆಗಿರೋದು ಬೇರೆ. ತಮ್ಮನ ಮೇಲಿನ ಸಿಟ್ಟು ಒಳಗೆ ಬರಬಾರದು ಅಂತ ಬಾಗಿಲು ಹಾಕಿಕೊಂಡಿರಿ. ಮನಸ್ಸಿಗೆ ಇರೋದು ಒಂದೇ ಬಾಗಿಲು ಸರ್. ಮಗಳ ಖುಷಿಯೂ ಹೊರಗೇ ನಿಂತಿತು.

ಕಣ್ಣು ಮುಚ್ಚಿದರೆ ಹೊಲ ಬರುತ್ತೆ ಅಂದಿರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಅವರ ಜೊತೆಗಾರರು ಇದರ ಬಗ್ಗೆ ಬರೆದರು. ನಾವು ಏನೂ ಕೆಲಸವಿಲ್ಲದೆ ಸುಮ್ನೆ ಕೂತಾಗ ಮಿದುಳಿನ ಕೆಲವು ಭಾಗಗಳು ಹೆಚ್ಚು ಚುರುಕಾಗಿರುತ್ತವೆ, ಅದಕ್ಕೆ ‘ಡೀಫಾಲ್ಟ್ ಮೋಡ್’ ಅಂತ ಹೆಸರು. ನನ್ನ ಬಗ್ಗೆ ಯಾರು ಏನಂದರು, ನಿನ್ನೆ ಏನಾಯ್ತು, ನಾಳೆ ಏನಾಗುತ್ತೆ ಅನ್ನೋ ಲೆಕ್ಕವೆಲ್ಲ ಅಲ್ಲೇ ನಡೆಯೋದು. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಕೂಡ ‘ಗಾಳಿ ಹಿಡಿದ ಹಾಗೆ ಈ ಮನಸ್ಸು ಹಿಡಿಯೋದು’ ಅಂತ ಗೋಳಾಡುತ್ತಾನೆ. ಕೃಷ್ಣ ಇಲ್ಲ ಅನ್ನಲ್ಲ. ಹೌದು ಕಷ್ಟ, ಆದರೆ ಅಭ್ಯಾಸ ಮತ್ತು ವೈರಾಗ್ಯದಿಂದ ಆಗುತ್ತೆ ಅನ್ನುತ್ತಾನೆ. ನೀವು ಅಭ್ಯಾಸ ಮಾಡುತ್ತಿದ್ದೀರಿ. ತೊಡಕಿರೋದು ಎರಡನೆಯದರಲ್ಲಿ.

ನಿಮ್ಮೂರಿನ ಬೆಟ್ಟವನ್ನೇ ತಗೊಳ್ಳಿ. ರಸ್ತೆಯಲ್ಲಿ ನಿಂತು ನೋಡಿದರೆ ಬುದ್ಧ ಮಲಗಿದ ಹಾಗೇ ಕಾಣುತ್ತೆ, ಹಣೆ, ಮೂಗು, ಎದೆ, ಎಲ್ಲ. ಅದೇ ಬೆಟ್ಟ ಹತ್ತಿ ಹೋದರೆ? ಬಂಡೆ, ಮುಳ್ಳು, ಬಿಸಿಲಿಗೆ ಕಾದ ಕಲ್ಲು. ಮೂಗು ಎಲ್ಲಿ ಅಂತ ಹುಡುಕಿದರೆ ಸಿಗಲ್ಲ. ನೀವು ಆರು ತಿಂಗಳಿಂದ ಬಂಡೆಗಳ ನಡುವೆ ನಿಂತು ಬಂಡೆ ತಳ್ಳುತ್ತಿದ್ದೀರಿ. ಸುಮ್ಮನೆ ಕೂರೋದು ಅಂದರೆ ಇಳಿದು ರಸ್ತೆಗೆ ಬರೋದು. ಬೆಟ್ಟ ಅಲ್ಲೇ ಇರುತ್ತೆ, ಇರಲಿ, ಅದರ ಆಕಾರ ಕಂಡರೆ ಸಾಕು.

ಹಾಗಾಗಿ ‘ಯಾವುದೂ ನನ್ನದಲ್ಲ’ ಅಂತ ಹೇಳಿಕೊಳ್ಳೋದನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಳಗೆ ‘ನನ್ನದೇ’ ಅಂತ ಕೂಗುತ್ತಿರುವಾಗ ಬಾಯಲ್ಲಿ ಹಾಗಂದರೆ ಅದು ಸುಳ್ಳಾಗುತ್ತೆ. ಯೂಟ್ಯೂಬೂ ಬೇಡ. ಹತ್ತೇ ನಿಮಿಷ ಕೂರಿ. ಉಸಿರು ತಗೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ, ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ಇಳಿಯುತ್ತೆ. ಹೊಲ ಬಂದರೆ ‘ಹೊಲ ಬಂತು’ ಅನ್ನಿ, ಅಷ್ಟೇ. ಅದು ಬಂದಾಗ ದವಡೆ ಬಿಗಿಯಾಗುತ್ತಾ, ಗಂಟಲು ಕಟ್ಟುತ್ತಾ ನೋಡಿ. ಎದ್ದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ಇದರಲ್ಲಿ ನನಗೆ ಯಾವುದು ನೋವಾಯಿತು?

ಮೊದಮೊದಲು ‘ಎರಡು ಎಕರೆ’ ಅಂತಲೇ ಬರುತ್ತೆ. ಬರೆಯುತ್ತಾ ಹೋಗಿ. ಕಲಬುರಗಿಯಲ್ಲಿ ನನ್ನ ಹತ್ತಿರ ಆಸ್ತಿ ಜಗಳದ ನೋವು ಹೊತ್ತು ಎಷ್ಟೋ ಜನ ಬರುತ್ತಾರೆ. ಒಂದಷ್ಟು ವಾರ ಕಳೆದ ಮೇಲೆ ಅವರ ಬಾಯಿಂದ ಬರೋದು ಹೊಲದ ಮಾತಲ್ಲ. ‘ಹಿರೀ ಮಗ ನಾನು, ನನ್ನನ್ನು ಒಂದು ಮಾತು ಕೇಳಲಿಲ್ಲ.’ ಇದನ್ನು ಹೇಳುವಾಗ ಐವತ್ತು ದಾಟಿದ ಗಂಡಸರು ಅತ್ತಿದ್ದನ್ನು ನೋಡಿದ್ದೀನಿ. ನಿಮ್ಮದು ಇದೇ ಇರಬೇಕು ಅಂತೇನಿಲ್ಲ. ನಿಮ್ಮದು ಏನು ಅಂತ ನೀವೇ ಕಾಣಬೇಕು. ಶರಣರು ಅರಿವು ಅಂದದ್ದು ಇದಕ್ಕೇ ಅಂತ ನಾನು ನಂಬಿದ್ದೀನಿ.

ಅದು ಕಂಡ ಮೇಲೆ ಹಿಡಿತ ಸಡಿಲವಾಗುತ್ತೆ. ಹೊಲ ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಪಹಣಿ ತೆಗೆಸಿ, ಪಾಲು ಪತ್ರ ಒಬ್ಬ ವಕೀಲರಿಗೆ ತೋರಿಸಿ, ಹಿರಿಯರನ್ನು ಕೂರಿಸಿ ಮಾತಾಡಿ. ನ್ಯಾಯ ಕೇಳೋದಕ್ಕೂ ವೈರಾಗ್ಯಕ್ಕೂ ಜಗಳ ಇಲ್ಲ. ಕೇಳುವಾಗ ಒಳಗೆ ಉರಿ ಇರಬಾರದು, ಅಷ್ಟೇ.

ಮನೆ, ಹೆಂಡತಿ, ಕೆಲಸ ಇಟ್ಟುಕೊಂಡೇ ವೈರಾಗ್ಯ ಸಾಧ್ಯವಾ ಅಂತ ಅನುಮಾನ ಬಂದರೆ ನಮ್ಮ ಬಸವಕಲ್ಯಾಣದ ಕಡೆ ನೋಡಿ. 12ನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಂತ ಗಂಡ ಹೆಂಡತಿ ಇದ್ದರು. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡೋದು ಅವರ ಕಾಯಕ. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದಳು, ಇಷ್ಟು ನಮಗೆ ಯಾಕೆ, ತಂದ ಕಡೆಯೇ ಹಾಕಿ ಬಾ ಅಂತ ವಾಪಸ್ ಕಳಿಸಿದಳು. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಏನಂದ್ರೆ, ಗಂಡನಿಗೆ ಕಾಣದ್ದು ಹೆಂಡತಿಗೆ ಕಂಡಿತು, ಗಂಡ ಅದನ್ನು ಕೇಳಿಸಿಕೊಂಡ. ನಿಮ್ಮ ಮನೆಯಲ್ಲೂ ಒಬ್ಬರು ಹೇಳುತ್ತಿದ್ದಾರೆ ಅಲ್ವಾ?

ಕಾಯಂ ಶಾಂತಿ ಕೇಳಿದಿರಿ. ತಮ್ಮನ ಫೋನ್ ಬಂದಾಗ ಎದೆ ಧಸಕ್ ಅನ್ನೋದು ಪೂರ್ತಿ ನಿಲ್ಲಲಿಕ್ಕಿಲ್ಲ. ಆದರೆ ಎರಡು ದಿನ ಇರುತ್ತಿದ್ದ ಉರಿ ಸಂಜೆಗೆ ಇಳಿಯುತ್ತೆ, ಆಮೇಲೆ ಅರ್ಧ ಗಂಟೆಗೇ ಇಳಿಯುತ್ತೆ. ಹೀಗೆ ಬೇಗ ಬೇಗ ಇಳಿಯೋದೇ ಕೊನೆಗೆ ಉಳಿಯೋ ಶಾಂತಿ, ನನಗೆ ಗೊತ್ತಿರೋದು ಇದೊಂದೇ. ಮಗಳಿಗೆ ಮಾತ್ರ ಇವತ್ತೇ ಪೇಡಾ ತಂದುಕೊಡಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೀನಿ. ಒಂದು ರೂಮಿಗೆ ಮೂರು ಜನ, ಕೆಳಗೆ ಆಟೋ ಸ್ಟ್ಯಾಂಡ್. ಮೌನ ಎಲ್ಲಿ ಸಿಗುತ್ತೆ ಅಕ್ಕಾ?

ಉತ್ತರ: ಬೆಳಿಗ್ಗೆ ಅಪ್ಪನ ಕೆರೆ ಸುತ್ತ ನಡೆಯಮ್ಮ, ರಜೆ ದಿನ ಬುದ್ಧ ವಿಹಾರಕ್ಕೆ ಹೋಗಿ ಒಂದು ಗಂಟೆ ಕೂತು ಬಾ. ಆದರೆ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ದಿನಾ ಎಲ್ಲಿಗೆ ಹೋಗ್ತೀಯ? ಅದಕ್ಕೇ ರೂಮಿನಲ್ಲೇ ಕಲಿ. ಆಟೋ ಹಾರ್ನ್ ಕಿವಿಗೆ ಬಿದ್ದಾಗ ಅದನ್ನು ಬರೀ ಶಬ್ದವಾಗಿ ಕೇಳು. ‘ಇವನಿಗೆ ಬುದ್ಧಿ ಇಲ್ವಾ’ ಅನ್ನೋ ಮಾತು ನಿನ್ನೊಳಗೆ ಏಳುತ್ತಲ್ಲ, ನಿನ್ನನ್ನು ಸುಸ್ತು ಮಾಡೋದು ಆ ಮಾತು. ದಿನಕ್ಕೆ ಐದು ನಿಮಿಷ ಸಾಕು.

ಪ್ರಶ್ನೆ: ಬೀದರ್‌ನವನು, 35 ವರ್ಷ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ. ಯಾರೂ ಬೇಡ, ಏನೂ ಬೇಡ ಅನಿಸುತ್ತೆ. ಸಂಸಾರದ ಮೇಲೆ ವೈರಾಗ್ಯ ಬಂದಿದೆ ಅನ್ನುತ್ತಾರೆ ಗೆಳೆಯರು. ಮಠ ಸೇರಲಾ?

ಉತ್ತರ: ಬೇಡ, ತಮ್ಮಾ. ಮೊದಲು ಡಾಕ್ಟರ್ ಹತ್ತಿರ ಹೋಗು. ನಿದ್ದೆ, ಹಸಿವು, ಆಸಕ್ತಿ ಎಲ್ಲ ಎರಡು ವಾರಕ್ಕಿಂತ ಜಾಸ್ತಿ ಹೋಗಿದ್ದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ಔಷಧಿ ಇದೆ, ವಾಸಿಯಾಗುತ್ತೆ. ಈ ಸ್ಥಿತಿಯಲ್ಲಿ ಒಬ್ಬನೇ ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂರಬೇಡ, ಕೆಲವರಿಗೆ ಅದರಿಂದ ಇನ್ನೂ ಭಾರ ಆಗುತ್ತೆ. ನಿಮ್ಮ ಬೀದರ್‌ನ ಸರ್ಕಾರಿ ಬ್ರಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ನೋಡು. ಅಲ್ಲಿವರೆಗೆ ಕಾಯೋದೂ ಬೇಡ, ಈಗಲೇ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡ ಅನ್ನೋ ಯೋಚನೆ ಬಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ಆಸ್ಪತ್ರೆಗೆ ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗು.